ಚೆನ್ನಿಯಪ್ಪನ್ ಸುಧಾರಿಸಿದ ಮ್ಯಾಗಜಿನ್

ಇದ್ದದ್ದನ್ನು ಇದ್ದ ಹಾಗೆ ಬಿಡುವುದು ಚೆನ್ನಿಯಪ್ಪನಿಗೆ ಹುಟ್ಟಿನಿಂದಲೂ ಬಂದದ್ದಲ್ಲ. ತಮಿಳು ಸೀಮೆಯ ಪೀಳಮೇಡಿನಲ್ಲಿ ಮನೆಯ ಮುಂಭಾಗವೇ ಅವನ ವರ್ಕ್‌ಶಾಪು. ನೂಲಿನ ಮಿಲ್ಲುಗಳಿಗೆ ಸ್ಪ್ರಿಂಗ್ ಸುತ್ತಿಕೊಡುವುದು ಅವನ ಹೊಟ್ಟೆಪಾಡು, ಕಂಡದ್ದನ್ನೆಲ್ಲ ಸುಧಾರಿಸುವುದು ಚಪಲ. ಪಕ್ಕದ ಲೇತ್ ಅಂಗಡಿಯ ವೇಲುಸಾಮಿಯ ಸೈಕಲ್ ಬೆಲ್ಲನ್ನು ಸುಧಾರಿಸಿದ ಮೇಲೆ ಅದು ರಸ್ತೆಯ ಪ್ರತಿ ಗುಂಡಿಗೂ ತಾನಾಗಿ ಬಾರಿಸತೊಡಗಿತು. ಎದುರುಮನೆ ಸುಬ್ಬಾತಾಳ್ ಅವರ ಬಾಗಿಲ ಚಿಲಕವನ್ನು ಸುಧಾರಿಸಿದ ಮೇಲೆ ಅದು ಹೊರಗಿನಿಂದ ಮಾತ್ರ ತೆರೆಯುತ್ತಿತ್ತು. ಆಕೆ ಅರ್ಧ ದಿನ ಒಳಗೇ ಇದ್ದು ಕಿಟಕಿಯಿಂದ ಅವನನ್ನು ಬೈದರು. ಅಂದಿನಿಂದ ಬೀದಿಯಲ್ಲಿ ಯಾರೂ ಅವನ ಕೈಗೆ ಒಂದು ಕೊಡೆಯನ್ನೂ ಕೊಡುತ್ತಿರಲಿಲ್ಲ.

ಅಂಥವನ ಕೈಗೆ ಮಿಲ್ಲೊಂದರ ಧಣಿ, ಎಲ್ಲರ ಬಾಯಲ್ಲಿ ಮುದಲಾಳಿ, ದೇವರಾಜನ್ ತಮ್ಮ ರೈಫಲ್ಲಿನ ಮ್ಯಾಗಜಿನ್ ಕೊಟ್ಟು ಕಳಿಸಿದ್ದರು. ದೇವರಾಜನ್ ಲೈಸೆನ್ಸ್ ಇಟ್ಟುಕೊಂಡು ರೈಫಲ್ ಕ್ಲಬ್ಬಿನಲ್ಲಿ ಗುರಿ ಹೊಡೆಯುವವರು. ಮ್ಯಾಗಜಿನ್ ಎಂದರೆ ರೈಫಲ್ಲಿನ ಕೆಳಗೆ ಸಿಕ್ಕಿಸುವ ಗುಂಡಿನ ಡಬ್ಬಿ. ಒಳಗೊಂದು ಸ್ಪ್ರಿಂಗ್, ಅದರ ತಲೆಯ ಮೇಲೊಂದು ಪುಟ್ಟ ಪ್ಲೇಟು. ಸ್ಪ್ರಿಂಗ್ ತಳ್ಳಿದಂತೆ ಪ್ಲೇಟು ಗುಂಡುಗಳನ್ನು ಒಂದೊಂದಾಗಿ ಮೇಲಕ್ಕೆ ಎತ್ತಿಕೊಡಬೇಕು. ಇದರಲ್ಲಿ ಮಾತ್ರ ಮೂರನೆಯ ಗುಂಡು ಓರೆಯಾಗಿ ಸಿಕ್ಕಿಕೊಳ್ಳುತ್ತಿತ್ತು. ಎರಡು ವರ್ಷದಿಂದ ಅವರಿಗೆ ಕ್ಲಬ್ಬಿನ ಪಂದ್ಯದ ಕಪ್ ತಪ್ಪುತ್ತಿದ್ದದ್ದು ಇದೇ ಮೂರನೆಯ ಗುಂಡಿನಿಂದ.

ವಿಜಯದಶಮಿಯ ಬೆಳಗ್ಗೆ ಪಂದ್ಯ. ಮ್ಯಾಗಜಿನ್ ಸರಿಹೋದರೆ ಮಿಲ್ಲಿನ ಟೂಲ್ ರೂಮು ಚೆನ್ನಿಯಪ್ಪನ ಪಾಲಿಗೆ ಎಂದು ಮುದಲಾಳಿ ಮಾತು ಕೊಟ್ಟಿದ್ದರು. ನಾಲ್ಕು ಲೇತು, ಒಂದು ಡ್ರಾಯಿಂಗ್ ಬೋರ್ಡು, ಸುಧಾರಿಸಲು ಇಡೀ ಮಿಲ್ಲು. ನಲವತ್ತೆರಡು ವರ್ಷದ ಬಾಳಿನಲ್ಲಿ ಅವನು ಇನ್ನೇನನ್ನೂ ಇಷ್ಟು ಬಯಸಿರಲಿಲ್ಲ.

ಸ್ಪ್ರಿಂಗಿಗೆ ಎರಡು ಸುತ್ತು ಹೆಚ್ಚು ಕೊಟ್ಟ. ಪ್ಲೇಟನ್ನು ಹಿತ್ತಾಳೆಯಲ್ಲಿ ಹೊಸದಾಗಿ ಮಾಡಿ, ಓಲಾಡದಿರಲೆಂದು ಹಿಂದಕ್ಕೊಂದು ಬಾಲವನ್ನೂ ಇಟ್ಟ. ಆಯುಧ ಪೂಜೆಯ ಬೆಳಗ್ಗೆ ಮರದ ಪುಟ್ಟ ತುಂಡುಗಳನ್ನೇ ಗುಂಡೆಂದುಕೊಂಡು ತುಂಬಿ ನೋಡಿದ. ಎರಡು ಸಲ ಚೆನ್ನಾಗಿ ಬಂತು. ಮೂರನೆಯ ಸಲ ನೋಡುವಷ್ಟರಲ್ಲಿ ತಾಯಿ ಪೆರಿಯನಾಯಕಿ ನೀರು ಕಾದಿದೆ ಎಂದು ಸ್ನಾನಕ್ಕೆ ಅಟ್ಟಿದರು.

ಎಣ್ಣೆಸ್ನಾನ ಮುಗಿಸಿ ಬರುವಷ್ಟರಲ್ಲಿ ಪೂಜೆ ಆಗಿಹೋಗಿತ್ತು. ಸುತ್ತಿಗೆ, ಇಕ್ಕಳ, ಅರಗಳೆಲ್ಲ ತೊಳೆಸಿಕೊಂಡು ಗಂಧ ಕುಂಕುಮದೊಂದಿಗೆ ದೇವರ ಮುಂದೆ ಸಾಲಾಗಿ ಕೂತಿದ್ದವು. ನಟ್ಟನಡುವೆ, ಪುರಿಯ ಗುಡ್ಡೆಗೆ ಒರಗಿ, ಬಾಯಿಗೊಂದು ಚೆಂಡುಹೂ ಸಿಕ್ಕಿಸಿಕೊಂಡು ಮ್ಯಾಗಜಿನ್ ಕೂತಿತ್ತು. ಚೆನ್ನಿಯಪ್ಪನ್ ಒದ್ದೆ ತಲೆಯಲ್ಲೇ ಅದರತ್ತ ಧಾವಿಸಿದ.

"ಅವ್ವಾ, ಅದನ್ನ ಯಾಕೆ ಇಕ್ಕಿದೆ? ಸಾಯಂಕಾಲ ಮುದಲಾಳಿ ಬರ್ತಾರೆ, ಕೊಡಬೇಕು."

"ಸಾಮಿ ಮುಂದೆ ಇಕ್ಕಿದ್ದನ್ನ ಇವತ್ತು ಮುಟ್ಟಬಾರದು ಕಣಪ್ಪಾ. ನಾಳೆ ಕಾಯಿ ಒಡೆದ ಮೇಲೆ ತಕ್ಕೊ."

ಚೆನ್ನಿಯಪ್ಪನ್ ಬೇಡಿಕೊಂಡ. ಒಂದು ಪುರಿಕಾಳು ಒಳಗೆ ಬಿದ್ದರೂ ತನ್ನ ಟೂಲ್ ರೂಮು ಹೋಯಿತೆಂದ. ತಾಯಿ ಜಗ್ಗಲಿಲ್ಲ. ಸದ್ದು ಕೇಳಿ ವೇಲುಸಾಮಿ ಬಂದು, ಪೂಜೆಗಿಟ್ಟ ತಿರುಪುಳಿಯನ್ನು ಅದೇ ದಿನ ಎತ್ತಿದ ತನ್ನ ಮಾವನ ಕಾಲು ಮುರಿದದ್ದನ್ನು ವಿವರವಾಗಿ ಹೇಳಿದ. ಸುಬ್ಬಾತಾಳ್ ಕೂಡ ಬಂದು, ಇವನು ಸುಧಾರಿಸಿದ ಸಾಮಾನು ಯಾರ ಕೈಗೂ ಸಿಗದೆ ದೇವರ ಬಳಿ ಇರುವುದೇ ಊರಿಗೆ ಕ್ಷೇಮ ಎಂದು ತೀರ್ಪು ಕೊಟ್ಟು, ಒಂದು ಮುಷ್ಟಿ ಪುರಿ ತೆಗೆದುಕೊಂಡು ಹೋದರು.

ಸಂಜೆ ದೇವರಾಜನ್ ಅವರೇ ಕಾರಿನಲ್ಲಿ ಬಂದರು. ಅವರದೂ ಮನೆಯಲ್ಲಿ ಕನ್ನಡ ಆಡುವ ಕುಟುಂಬ; ತೊಂಡಾಮುತ್ತೂರಿನಲ್ಲಿ ಅವರ ತಾಯಿಯೂ ಪೆರಿಯನಾಯಕಿಯೂ ಒಂದೇ ಬಾವಿಯ ನೀರು ಸೇದಿದವರು. ಚೆನ್ನಿಯಪ್ಪನ್ ತೊದಲುತ್ತಾ ವಿಷಯ ಹೇಳಿ ಮುಗಿಸುವುದರೊಳಗೆ ಪೆರಿಯನಾಯಕಿ ಪುಟ್ಟ ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡು ಬಂದರು. ಮುದಲಾಳಿ ಚಪ್ಪಲಿ ಬಿಟ್ಟು ಆರತಿಗೆ ಕೈಯೊಡ್ಡಿದರು. ಚೆನ್ನಿಯಪ್ಪನ ಕಣ್ಣು ಮಾತ್ರ ಮ್ಯಾಗಜಿನ್ನಿನ ಸುತ್ತ ಸುಳಿಯುತ್ತಿದ್ದ ಇರುವೆಯೊಂದರ ಮೇಲಿತ್ತು.

"ಅವ್ವ ಹೇಳಿದ್ದು ಸರಿ. ಬೆಳಗ್ಗೆ ಏಳಕ್ಕೆ ಡ್ರೈವರನ್ನ ಕಳಿಸ್ತೀನಿ. ಆದರೆ ಚೆನ್ನಿಯಪ್ಪಾ, ನಾಳೆ ಮೂರನೇ ಗುಂಡು ಸಿಕ್ಕಿಕೊಂಡರೆ ನೀನು ಟೂಲ್ ರೂಮ್ ಕಡೆ ತಲೆಯಿಕ್ಕಿ ಮಲಗೋದೂ ಬೇಡ" ಎಂದರು ಮುದಲಾಳಿ.

"ಸರಿಂಗ ಮುದಲಾಳಿ" ಎಂದ ಚೆನ್ನಿಯಪ್ಪನಿಗೆ ಅಂದು ಒಬ್ಬಟ್ಟೂ ರುಚಿಸಲಿಲ್ಲ.

ಬೆಳಗ್ಗೆ ತಾಯಿ ಕಾಯಿ ಒಡೆದು ಹೂ ತೆಗೆದ ಕೂಡಲೇ ಡ್ರೈವರ್ ಮ್ಯಾಗಜಿನ್ ಎತ್ತಿಕೊಂಡು ಹೋದ. ಬಿಚ್ಚಿ ನೋಡಲೂ ಹೊತ್ತು ಸಿಗಲಿಲ್ಲ. ಚೆನ್ನಿಯಪ್ಪನ್ ಜಗಲಿಯಲ್ಲಿ ಕೂತು ಎದ್ದು, ಎದ್ದು ಕೂತು ಮಧ್ಯಾಹ್ನ ಮಾಡಿದ.

ಒಂದು ಗಂಟೆಗೆ ಕಾರು ಬಂತು. ದೇವರಾಜನ್ ಕಪ್ ಹಿಡಿದು ಇಳಿದರು. ಜೊತೆಗೆ ಕ್ಲಬ್ಬಿನ ಇಬ್ಬರು ಸ್ನೇಹಿತರೂ ಇದ್ದರು. ಒಂದು ಗುಂಡೂ ಸಿಕ್ಕಿಕೊಂಡಿರಲಿಲ್ಲ. ಮುದಲಾಳಿ ಬೀದಿಯೆಲ್ಲ ಕೇಳುವಂತೆ ಹೊಗಳಿದರು. ವೇಲುಸಾಮಿಯ ಬಾಯಿ ತೆರೆದಂತೆಯೇ ಉಳಿಯಿತು. ಚೆನ್ನಿಯಪ್ಪನಿಗೆ ಅಳು ಬಂದಿತು, ಅದನ್ನು ಅವನು ಮುಚ್ಚಿಡಲೂ ಇಲ್ಲ.

"ಇವರೂ ತಮ್ಮ ಮ್ಯಾಗಜಿನ್ ನಿನಗೇ ಕೊಡ್ತಾರಂತೆ. ಒಳಗೆ ಏನು ಮಾಡಿದೆ, ಬಿಚ್ಚಿ ತೋರಿಸು" ಎಂದರು ಮುದಲಾಳಿ.

ಅವನು ಕಣ್ಣೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಹಿತ್ತಾಳೆಯ ಪ್ಲೇಟಿನ ಬಾಲದ ಮಹಿಮೆ ವಿವರಿಸುತ್ತಲೇ ಮ್ಯಾಗಜಿನ್ನಿನ ತಳ ಸರಿಸಿದ. ಅಂಗೈಗೆ ಬಿದ್ದದ್ದು ಹಳೆಯ ಸ್ಪ್ರಿಂಗು, ಹಳೆಯ ತಗಡಿನ ಪ್ಲೇಟು. ಎರಡೂ ಫಳಫಳ ಹೊಳೆಯುತ್ತಿದ್ದವು.

"ಅವ್ವಾ," ಎಂದ ಅವನು, ಮನೆಯೊಳಕ್ಕೆ ತಿರುಗಿ, "ಹೊಸದು ಎಲ್ಲಿ?"

ಪೆರಿಯನಾಯಕಿ ಸೆರಗಿಗೆ ಕೈ ಒರೆಸುತ್ತಾ ಹೊರಗೆ ಬಂದರು. "ಪೂಜೆಗೆ ಎಲ್ಲಾನೂ ಹುಣಿಸೆಹಣ್ಣು ಹಾಕಿ ತಿಕ್ಕುವಾಗ ಈ ಡಬ್ಬೀನೂ ಬಿಚ್ಚಿಕೊಂಡುಬಿಡ್ತು. ಒಳಗೆ ಎಷ್ಟು ವರ್ಷದ ಜಿಡ್ಡು ಅಂತೀಯಾ. ತಿಕ್ಕಿ, ಒಂದು ತೊಟ್ಟು ಎಣ್ಣೆ ಬಿಟ್ಟು, ಬೆಂಚಿನ ಮೇಲಿದ್ದ ಹಳೇದನ್ನೇ ತೊಳೆದು ಹಾಕಿದೆ. ಹಳೇ ಡಬ್ಬಿಗೆ ಹಳೇದು ಅಲ್ಲವಾ. ಹೊಸದು ಬೇರೆ ಕೆಲಸಕ್ಕೆ ಬಂತು."

ಒಳಗಿನಿಂದ ಅದನ್ನು ತಂದು ತೋರಿಸಿದರು. ಹಿತ್ತಾಳೆಯ ಪ್ಲೇಟು ಕರ್ಪೂರದ ಮಸಿಯಿಂದ ಕಪ್ಪಾಗಿತ್ತು. ಅದರ ಬಾಲಕ್ಕೆ ಹೊಸ ಸ್ಪ್ರಿಂಗು ಸುತ್ತಿಕೊಂಡು ಒಳ್ಳೆಯ ಹಿಡಿಯಾಗಿತ್ತು.

"ಎಷ್ಟು ಉರಿದರೂ ಕೈ ಸುಡಲ್ಲ" ಎಂದರು ಪೆರಿಯನಾಯಕಿ.

ಮೊದಲು ನಕ್ಕವರು ಮುದಲಾಳಿಯೇ. ಟೂಲ್ ರೂಮಿನ ಮಾತು ಮತ್ತೆ ಬರಲಿಲ್ಲ. ಸ್ನೇಹಿತರು ತಮ್ಮ ಮ್ಯಾಗಜಿನ್‌ಗಳನ್ನು ಅವ್ವನೇ ತಿಕ್ಕಿಕೊಡಬೇಕೆಂದು ಕೇಳಿದರು. ಅದಕ್ಕೆ ಅವರು, ಆಯುಧ ತೊಳೆಯುವುದು ವರ್ಷಕ್ಕೊಂದೇ ಸಲ, ಮುಂದಿನ ಪೂಜೆಗೆ ತನ್ನಿ ಎಂದು ಹೇಳಿ ಕಳಿಸಿದರು. ಹೊಸ ಸ್ಪ್ರಿಂಗು ಮ್ಯಾಗಜಿನ್ನಿನೊಳಗೆ ಕೆಲಸ ಮಾಡುತ್ತಿತ್ತೋ ಇಲ್ಲವೋ ಎಂಬುದು ಚೆನ್ನಿಯಪ್ಪನಿಗೆ ಕೊನೆಗೂ ತಿಳಿಯಲಿಲ್ಲ.

ಕಾರು ಹೋದ ಮೇಲೆ ಅವನು ಜಗಲಿಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಸುಬ್ಬಾತಾಳ್ ಮೆಲ್ಲಗೆ ಬಂದು ಪಕ್ಕದಲ್ಲಿ ನಿಂತರು. ಚಿಲಕದ ಸಂಗತಿಯಾದ ಮೇಲೆ ಆಕೆ ಅವನನ್ನು ಏನನ್ನಾದರೂ ಕೇಳಿದ್ದು ಇದೇ ಮೊದಲು.

"ಚೆನ್ನಿಯಪ್ಪಾ, ನನಗೂ ಅಂಥ ಕರ್ಪೂರದ ತಟ್ಟೆ ಒಂದು ಮಾಡಿಕೊಡು" ಎಂದರು. "ಬಾಲ ಮಾತ್ರ ಇನ್ನೊಂದು ಬೆರಳು ಉದ್ದ ಇರಲಿ. ನೀನು ಮಾಡಿದ್ದರಲ್ಲಿ ಅದೊಂದು ಸುಧಾರಿಸಬೇಕು."