ಕೆಂಪು ನಿಲುವಂಗಿ, ಕುದುರೆಯ ಡಿಎನ್‌ಎ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಬೆಳಕು. ಹೌದು, ಬರೀ ಬೆಳಕು! ಡಿಎನ್‌ಎ ಎಂಬ ಸರಕ್ಕೆ ಮಾಮೂಲಿ ಮಣಿಯ ಬದಲು ಕೆಂಪಗೆ ಹೊಳೆಯುವ ಮಣಿ ಪೋಣಿಸುತ್ತಾರಲ್ಲ, ಆ ಮಣಿಯ ಹೆಸರು ಬಣ್ಣ ಕಟ್ಟಿದ ನ್ಯೂಕ್ಲಿಯೊಟೈಡ್. ನಾಜೂಕಿನಲ್ಲಿ ಮಾತ್ರ ಮಹಾರಾಣಿ. ಬೆಳಕು ಬಿತ್ತೋ, ಹೊಳಪು ಸತ್ತಿತು.

ಹಿಮನಾಡಿನ ಅಲ್ಮಾಟಿ ನಗರದ ಒಂದು ಪ್ರಯೋಗಾಲಯದಲ್ಲಿ ಉಳಿದಿದ್ದುದು ಅದರ ಕೊನೆಯ ಹನಿ. ಅದರಲ್ಲೇ ಕಿರಿಯ ಸಂಶೋಧಕ ಮೌಲೆನ್ ಕುದುರೆಯ ಡಿಎನ್‌ಎಯನ್ನು ಹೊಳೆಯಿಸಿ ಮಧ್ಯಾಹ್ನದೊಳಗೆ ನಿರ್ದೇಶಕರಿಗೆ ತೋರಿಸಬೇಕು. ತಪ್ಪಿದರೆ ಹುಲ್ಲುಗಾವಲಿನ ಕುದುರೆ ಫಾರಮ್ಮಿಗೆ ವರ್ಗ. ಅಲ್ಲಿನ ಚಳಿಗೆ ಮೀಸೆ ಮುರಿದು ಕೈಗೆ ಬರುತ್ತದೆ. ರಕ್ತ ತೆಗೆಯಲು ಹೋದವನಿಗೆ ಕುದುರೆ ಒದ್ದರೆ ಅವನು ನೆಲ ಮುಟ್ಟುವುದು ಗಡಿಯಾಚೆಯ ಚೀನಾದಲ್ಲಿ.

ಮೌಲೆನ್ ಕಿಟಕಿ ಮುಚ್ಚಿ, ದೀಪ ಆರಿಸಿ ಕೂತ. ಪ್ರಯೋಗಾಲಯದ ಹಿರಿಯಳು ರೌಷನಕ್ಕ ಚಹಾ ಹಿಡಿದು ಬಂದೇಬಿಟ್ಟಳು.

“ಕತ್ತಲಲ್ಲಿ ಯಾಕೋ ಕೂತಿದ್ದೀಯ? ಮನೇಲಿ ಯಾರಾದ್ರೂ ಹೋಗ್ಬಿಟ್ರಾ?” ಟಪ್ಪನೆ ದೀಪ ಹಾಕಿದಳು.

“ಅಯ್ಯೋ ಅಕ್ಕಾ, ಆರ್ಸು! ಬೆಳಕು ಬಿದ್ರೆ ಕೆಟ್ಟೋಗುತ್ತೆ!”

“ನಿನ್ನ ಮುಖ ಆಗ್ಲೇ ಕೆಟ್ಟೋಗಿದೆ. ಚಹಾ ಕುಡಿ.”

ಹಿರಿಯರು ಕೊಟ್ಟ ಚಹಾ ಬೇಡ ಅನ್ನುವ ಗಂಡು ಆ ಊರಲ್ಲಿ ಇನ್ನೂ ಹುಟ್ಟಿಲ್ಲ. ಮೌಲೆನ್ ಗೋಡೆಗೆ ನೇತುಹಾಕಿದ್ದ ಅವಳ ಕೆಂಪು ಉಣ್ಣೆಯ ನಿಲುವಂಗಿ ಎಳೆದುಕೊಂಡು, ಡಿಎನ್‌ಎ ಹಚ್ಚಿದ ಗಾಜಿನ ಸ್ಲೈಡು ಸಮೇತ ಅದರೊಳಗೆ ನುಸುಳಿದ. ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಕೆಲಸ. ಹೊರಗಿಂದ ನೋಡಿದರೆ ಒಂಟೆ ಮಲಗಿದಂತಿತ್ತು.

ಪಕ್ಕದ ಕೋಣೆಯ ಸೆರಿಕ್ಕಾಲಿ ಇಣುಕಿದ. “ಇವನಿಗೇನಾಯ್ತಕ್ಕ?”

“ಚಳಿಜ್ವರ ಇರ್ಬೇಕಪ್ಪ.”

“ಹಾಗಾದ್ರೆ ಗಾಳಿ ಬೇಕು!” ಅಂದವನೇ ನಿಲುವಂಗಿ ಕಿತ್ತೆಸೆದು ಕಿಟಕಿ ತೆರೆದ. ಹಿಮದ ಮೇಲಿನ ಬಿಸಿಲು ಸಾವಿರ ಸೂರ್ಯರಂತೆ ನುಗ್ಗಿತು.

“ಕೊಂದ್ಯಲ್ಲೋ ಮಹರಾಯ!”

“ಇರ್ಲಿ ಬಿಡು, ಉಪಕಾರ ಆಯ್ತು ಅಂತೆಲ್ಲ ಹೇಳ್ಬೇಡ.”

ಅಷ್ಟರಲ್ಲಿ ನಿರ್ದೇಶಕ ತುರ್ಸುನ್‌ಖಾನ್ ಸಾಹೇಬರು ಬಂದು, ಮೌಲೆನ್ ಕೈಯಲ್ಲಿದ್ದ ಸ್ಲೈಡನ್ನು ಕಸಿದು ಸೂಕ್ಷ್ಮದರ್ಶಕದಡಿ ಇಟ್ಟು ನೇರ ಕಣ್ಣಿಟ್ಟರು. ಮೌಲೆನ್ ಕಣ್ಣು ಮುಚ್ಚಿದ.

“ಆಹಾ! ಏನು ಕೆಂಪಯ್ಯಾ! ನಿಗಿನಿಗಿ ಕೆಂಡ!”

ಗಾಬರಿಯಿಂದ ಮೌಲೆನೂ ಇಣುಕಿದ. ಹೊಳೆಯುತ್ತಿದ್ದದ್ದು ನಿಜ. ಆದರೆ ಅದು ಕುದುರೆಯಲ್ಲ, ಕುರಿ! ನಿಲುವಂಗಿಯಿಂದ ಉದುರಿದ ಬಣ್ಣದ ಉಣ್ಣೆಯ ಎಳೆಗಳು.

“ಸಾಹೇಬ್ರೇ, ಅದು...” ಎಂದು ಬಾಯಿ ತೆರೆದ. ಶುಭ ಸುದ್ದಿ ಕೇಳಿದ ರೌಷನಕ್ಕ ಅಲ್ಲಿನ ಪದ್ಧತಿಯಂತೆ ಎಲ್ಲರ ತಲೆ ಮೇಲೆ ಮಿಠಾಯಿ ಎರಚಿದಳು. ಒಂದು ನೆಟ್ಟಗೆ ಅವನ ಬಾಯಿಗೇ ಬಿದ್ದು ಮಾತು ಅಲ್ಲೇ ನಿಂತಿತು.

ಸಾಹೇಬರು ಅದೇ ನಿಲುವಂಗಿಯನ್ನು ಸನ್ಮಾನದ ಠೀವಿಯಲ್ಲಿ ಅವನ ಹೆಗಲಿಗೆ ಹೊದಿಸಿದರು. “ಇನ್ನು ನೂರು ಕುದುರೆಗಳ ರಕ್ತ ಬೇಕು. ಇಂಥಾ ಜೋಪಾನದ ಕೈ ಬಿಟ್ಟು ಇನ್ಯಾರನ್ನ ಕಳಿಸ್ಲಿ? ನಾಳೇನೇ ಫಾರಮ್ಮಿಗೆ ಹೊರಡು. ಚಳಿಗಾಲ ಮುಗಿಸ್ಕೊಂಡೇ ಬಾ.”

ರೌಷನಕ್ಕ ಬೆನ್ನು ತಟ್ಟಿದಳು. “ಯೋಚ್ನೆ ಮಾಡ್ಬೇಡ ತಮ್ಮಾ. ಅಲ್ಲಿ ಕರೆಂಟೇ ಇಲ್ಲ. ನಿನಗೆ ಬೇಕಾದಷ್ಟು ಕತ್ತಲೆ!”