ಬನ್ಸಿನ ಪಕ್ಕದ ಅಣಬೆ

ಅತ್ತೆ ನನಗೆ ಇಟ್ಟ ಹೆಸರು ‘ತುರಿಕೆ ಅಳಿಯ’. ಮದುವೆಯಾದ ಹೊಸದರಲ್ಲಿ ಪತ್ರೊಡೆಗೆಂದು ನಾನು ಯಾವುದೋ ಕಾಡು ಕೆಸುವಿನ ಎಲೆ ಕೊಯ್ದು ತಂದಿದ್ದೆ. ಇಡೀ ಕುಟುಂಬ ಒಂದು ದಿನ ಗಂಟಲು ತುರಿಸಿಕೊಂಡು ಕುಳಿತಿತ್ತು. ಹದಿನೆಂಟು ವರ್ಷವಾದರೂ ಆ ಬಿರುದು ಹೋಗಿಲ್ಲ. ಈ ಭಾನುವಾರ ಅವರು ಸುರತ್ಕಲ್ಲಿನಿಂದ ಬರುವವರಿದ್ದರು. ಹಿಂದಿನ ಸಂಜೆಯೇ ಶಕ್ತಿನಗರದ ನಮ್ಮ ಮನೆಯ ಹಿಂದಿನ ಗೇರು ಗುಡ್ಡೆಯಲ್ಲಿ ನನಗೆ ಆರು ಅಣಬೆ ಸಿಕ್ಕಿದವು. ಗಿಡಮರಗಳ ವಿಷಯದಲ್ಲಿ ಅಳಿಯ ದಡ್ಡನಲ್ಲವೆಂದು ಸಾಬೀತು ಮಾಡಲು ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೇ?

ಸಾಮಾನ್ಯ ಅಣಬೆಗಳಲ್ಲ ಅವು. ಕಂದು ಬಣ್ಣದ ಉಬ್ಬಿದ ಟೊಪ್ಪಿ, ಅಡಿಯಲ್ಲಿ ಮಾಮೂಲಿ ತೆಳು ಪದರಗಳ ಬದಲು ಸ್ಪಂಜು. ಮೊಬೈಲಿನ ಆ್ಯಪಿಗೆ ಫೋಟೊ ತೋರಿಸಿದರೆ ಅದು ಮೊದಲು ‘ಬ್ರೆಡ್ಡು’ ಎಂದಿತು. ತಿರುಗಿಸಿ ತೋರಿಸಿದಾಗ ‘ಬೊಲೀಟ್ ಜಾತಿ, ಖಚಿತವಿಲ್ಲ’ ಎಂದಿತು. ಖಚಿತಪಡಿಸುವ ಗುರುತರ ಹೊಣೆ ನನ್ನ ಹೆಗಲಿಗೇರಿತು. ಉಗುರಿನಿಂದ ಗೀರಿದೆ, ನೀಲಿಯಾಯಿತು. ಮೂಸಿದೆ, ಸೀನು ಬಂತು. ಟೊಪ್ಪಿಯ ಅಡಿಯಿಂದ ಉದುರುವ ಪುಡಿಯ ಬಣ್ಣ ನೋಡಬೇಕೆಂದು ಓದಿ, ಬಿಳಿ ಕಾಗದವನ್ನೂ ಸ್ಟೀಲ್ ಪಾತ್ರೆಯನ್ನೂ ಹುಡುಕಿ ಆ ಪರೀಕ್ಷೆಯನ್ನೂ ನಡೆಸಿದೆ. ನನ್ನ ಹೆಂಡತಿ ಶಶಿ ಮಾತ್ರ ಗೊತ್ತಿಲ್ಲದ್ದನ್ನು ತನ್ನ ಒಲೆಯ ಹತ್ತಿರವೂ ತರಬಾರದೆಂದು ಕಟ್ಟಪ್ಪಣೆ ಮಾಡಿದಳು. ಪ್ರದರ್ಶನಕ್ಕೆ ಮಾತ್ರ ಎಂದು ಮಾತು ಕೊಟ್ಟೆ.

ಬೆಳಿಗ್ಗೆ ಊಟದ ಮೇಜಿನ ಮೇಲೆ ತಟ್ಟೆಯಲ್ಲಿ ಅಣಬೆಗಳನ್ನು ದಂಟು ಮುರಿದು ಬೋರಲಾಗಿ ಜೋಡಿಸಿಟ್ಟು ಸ್ನಾನಕ್ಕೆ ಹೋದೆ. ಶಶಿ ಪಕ್ಕದಲ್ಲೇ ಬಾಳೆಹಣ್ಣು ಕಲಸಿ ಎಣ್ಣೆಯಲ್ಲಿ ಕರಿದ ಬನ್ಸಿನ ತಟ್ಟೆ ಇಟ್ಟಳು. ಅದೇ ಬಣ್ಣ, ಅದೇ ಉಬ್ಬು. ನಾನು ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಅತ್ತೆ ಬಂದು ಕುಳಿತು ಬಾಯಿ ಒರೆಸಿಕೊಳ್ಳುತ್ತಿದ್ದರು. ಕನ್ನಡಕ ಇನ್ನೂ ಚೀಲದಲ್ಲೇ ಇತ್ತು.

“ಬನ್ಸ್ ಸ್ವಲ್ಪ ಕಹಿ ಉಂಟು,” ಅಂದರು.

ಅಣಬೆ ಎಣಿಸಿದೆ. ಐದು. ಮತ್ತೆ ಎಣಿಸಿದೆ. ಐದೇ!

ವಿವರಿಸಲು ಪುರುಸೊತ್ತಿಲ್ಲದೆ ಅತ್ತೆಯನ್ನು ರಿಕ್ಷಾ ಹತ್ತಿಸಿದೆ. ದಾರಿಯುದ್ದಕ್ಕೂ ಅವರ ಕೈ ಬಿಡಲಿಲ್ಲ. ಎಷ್ಟು ಕಾಡಿದರೂ ಅವರೆಂದರೆ ನನಗೆ ಪ್ರೀತಿ. ಅವರು ಮಾತ್ರ ಆರಾಮವಾಗಿ ಹೊರಗೆ ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ಯಾವ ಅಣಬೆ ಎಂದು ಕೇಳಿದರು.

“ಬೊಲೀಟ್. ಖಚಿತವಿಲ್ಲ.”

“ತಿನ್ನುವಂಥದ್ದಾ, ವಿಷದ್ದಾ?”

“ಅದೂ ಖಚಿತವಿಲ್ಲ.”

“ಮತ್ತೆ ನಿಮಗೆ ಎಂತ ಖಚಿತ ಉಂಟು ಮಾರಾಯ್ರೆ?”

“ಅದು ಬ್ರೆಡ್ಡು ಅಲ್ಲ ಡಾಕ್ಟ್ರೇ.”

ಅಷ್ಟರಲ್ಲಿ ಶಶಿಯ ಫೋನು ಬಂತು. ಫ್ರಿಜ್ಜಿನ ಮೇಲೆ ಕಾಗದ ಹಾಸಿ ಸ್ಟೀಲ್ ಪಾತ್ರೆ ಕವುಚಿದ್ದು ಯಾರೆಂದು ಕೇಳಿದಳು. ಅದರಡಿಯಲ್ಲಿ ಆರನೆಯ ಅಣಬೆ ಸುಖವಾಗಿ ಕುಳಿತಿತ್ತಂತೆ. ನಾನೇ ಇಟ್ಟದ್ದು, ನಾನೇ ಮರೆತದ್ದು!

ಜೀವ ಬಂದಂತಾಗಿ, “ಹಾಗಾದರೆ ಕಹಿ ಇದ್ದದ್ದು ನಿನ್ನ ಬನ್ಸೇ,” ಎಂದುಬಿಟ್ಟೆ. ಫೋನು ಕಟ್ಟಾಯಿತು. ಹಿಟ್ಟಿಗೆ ಸೋಡ ಹೆಚ್ಚಾದದ್ದನ್ನು ಜಗತ್ತಿಗೆ ಸಾರಿದ ಪಾಪಕ್ಕೆ ಆ ದಿನ ನನಗೆ ಬನ್ಸೂ ಇಲ್ಲ, ಚಹಾವೂ ಇಲ್ಲ.

ವಾಪಸು ಬರುವಾಗ ಅತ್ತೆ ನನ್ನ ಕೈ ತಟ್ಟಿ, ಇನ್ನು ಮೇಲೆ ‘ತುರಿಕೆ ಅಳಿಯ’ ಎಂದು ಕರೆಯುವುದಿಲ್ಲ ಎಂದರು. ನನ್ನ ಕಣ್ಣು ತುಂಬಿ ಬಂತು. ಹದಿನೆಂಟು ವರ್ಷದ ಕಳಂಕ ತೊಳೆದುಹೋಯಿತೆಂದು ಎದೆಯುಬ್ಬಿಸಿ ರಿಕ್ಷಾ ಇಳಿದೆ. ಗೇಟಿನ ಬಳಿ ನಿಂತಿದ್ದ ಪಕ್ಕದ ಮನೆಯವರು, ಎಲ್ಲಿಗೆ ಹೋಗಿದ್ದಿರಿ ಎಂದು ಅತ್ತೆಯನ್ನು ವಿಚಾರಿಸಿದರು.

“ನನಗೆ ಎಂತದೂ ಗೊತ್ತಿಲ್ಲ,” ಅಂದರು ಅತ್ತೆ ನನ್ನತ್ತ ಕೈ ತೋರಿಸಿ. “ಕೇಳುವುದಿದ್ದರೆ ನಮ್ಮ ಖಚಿತವಿಲ್ಲದ ಅಳಿಯನನ್ನು ಕೇಳಿ.”