ದುರಗವ್ವನ ಎಮ್ಮೆಯನ್ನು ಮಾತಾಡಿಸತಕ್ಕ ಭಾಷೆಯ ಕುರಿತು

ಜಾವಕ ನಂ. ಎಮ್ಮೆ/೩/೧೯೩೮
ಮುಕ್ಕಾಂ: ಸವಣೂರು, ತಾ. ೧೨ ಆಗಸ್ಟ್ ೧೯೩೮

ವಿಷಯ: ಕೊಂಡವಾಡದ ಎಮ್ಮೆಯು ಮೂರು ಭಾಷೆಗಳಲ್ಲಿ ಎರಡನ್ನು ಧಿಕ್ಕರಿಸಿದ ಬಗ್ಗೆ.
ಉಲ್ಲೇಖ: ಶಿರಸ್ತೇದಾರ ವಿಠ್ಠಲರಾಯರ ಎಡ ಮೊಣಕಾಲಿನ ಬಾವು.

ಕಚೇರಿಯ ಚೆಂಡುಹೂ ಮೇಯ್ದ ಅಪರಾಧಕ್ಕಾಗಿ ದುರಗವ್ವನ ಎಮ್ಮೆಯನ್ನು ಕೊಂಡವಾಡದ ದೊಡ್ಡಿಯಲ್ಲಿ ಕೂಡಿಹಾಕಲಾಗಿತ್ತು. ಅದರ ಹಾಲನ್ನು ನಂಬಿ ಕಚೇರಿಗೆ ಹಾಲು ಹಾಕುವ ಗೌಳಿಯನ್ನು ಬಿಡಿಸಲಾಗಿ, ಎಮ್ಮೆಯು ಹನಿ ಹಾಲನ್ನೂ ಕೊಡದ ಕಾರಣ ಐದು ದಿನ ಕರಿ ಚಹಾ ಕುಡಿಯಲಾಯಿತು. ಆದ್ದರಿಂದ ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

೧. ನವಾಬರ ಸಂಸ್ಥಾನದ ಈ ಕಚೇರಿಯಲ್ಲಿ ಬರೆಯುವುದು ಮರಾಠಿಯಲ್ಲಿ, ಗದರಿಸುವುದು ಉರ್ದುವಿನಲ್ಲಿ, ಅಳುವುದು ಕನ್ನಡದಲ್ಲಿ. ಈ ರೂಢಿ ಎಮ್ಮೆಗೂ ಅನ್ವಯಿಸತಕ್ಕದ್ದು.

೨. ಎಮ್ಮೆ ಬಿಡಿಸುವ ಅರ್ಜಿ ಮೂರೂ ಭಾಷೆಯಲ್ಲಿರತಕ್ಕದ್ದು. ದುರಗವ್ವನ "ನನ್ನ ಎಮ್ಮಿ ಕೊಡ್ರಿ ಯಪ್ಪಾ, ಮನ್ಯಾಗ ಕರ ಒದರಾಕತ್ತೈತಿ" ಎಂಬ ಅರ್ಜಿ ಒಂದೇ ಭಾಷೆಯಲ್ಲಿದ್ದುದರಿಂದ ವಾಪಸು ಮಾಡಲಾಗಿದೆ. ಕರು ಯಾವ ಭಾಷೆಯಲ್ಲಿ ಒದರುತ್ತಿದೆಯೆಂದೂ ಕೇಳಲಾಗಿದೆ.

೩. ಹಾಲು ಕೊಡತಕ್ಕದ್ದೆಂದು ವಿಠ್ಠಲರಾಯರು ಎಮ್ಮೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ನಾಲ್ಕು ಪುಟದ ಮರಾಠಿ ಹುಕುಮು ಓದಿದರು. ಎಮ್ಮೆ ಎರಡನೆಯ ಪುಟವನ್ನು ತಿಂದಿತು. ಮೂರನೆಯದಕ್ಕೆ ಬಂದಾಗ ರಾಯರನ್ನೇ ಹಾಯ್ದಿತು. ಇನ್ನು ಮುಂದೆ ಹುಕುಮುಗಳನ್ನು ಗಿಡ ಹತ್ತಿ ಕುಳಿತು ಓದತಕ್ಕದ್ದು.

೪. ಜವಾನ ಫಕ್ರುಸಾಬರು ಬಹಳ ಅದಬಿನಿಂದ ಉರ್ದುವಿನಲ್ಲಿ ವಿನಂತಿಸಿದರು. ಎಮ್ಮೆ ಸೆಗಣಿ ಹಾಕಿತು. ಇದನ್ನು ಲಿಖಿತ ಉತ್ತರವೆಂದು ಪರಿಗಣಿಸಕೂಡದು.

೫. ಕಚೇರಿಯಲ್ಲಿ ಕನ್ನಡ ಬಲ್ಲವರು ಯಾರೂ ಇಲ್ಲ. ಎಲ್ಲರೂ ಮನೆಯಲ್ಲಿ ಅದನ್ನೇ ಆಡುತ್ತಾರೆಂಬ ಸಂಗತಿಯನ್ನು ಕಡತಕ್ಕೆ ಸೇರಿಸತಕ್ಕದ್ದಲ್ಲ.

೬. ನಿನ್ನೆ ಮಧ್ಯಾಹ್ನ ದುರಗವ್ವ ಬೇಲಿಯ ಹೊರಗೆ ನಿಂತು, ಪರವಾನಗಿಯಿಲ್ಲದೆ, "ಬಾರಬೇ ನಮ್ಮವ್ವಾ, ಸಾಕು ಸರಕಾರಿ ನೌಕರಿ" ಎಂದು ಒಂದೇ ಸಲ ಕರೆದಳು. ಎಮ್ಮೆಯು ಬೇಲಿಯನ್ನೂ, ಅಡ್ಡ ನಿಂತ ರಾಯರನ್ನೂ ಕೆಡವಿ ಕರುವಿನ ಬಳಿ ಹೋಗಿ ಸೇರಿತು. ಆಗ ರಾಯರು "ಯಪ್ಪಾ, ಸತ್ನೆಪೋ!" ಎಂದದ್ದು ಅಚ್ಚ ಕನ್ನಡವೆಂದು ಫಕ್ರುಸಾಬರು ಸಾಕ್ಷಿ ನುಡಿದಿದ್ದಾರೆ.

೭. ಎಮ್ಮೆ ಹೋದ ಮೇಲೆ ಬರೆದ ಬಿಡುಗಡೆಯ ಹುಕುಮನ್ನು ಮೊದಲೇ ಬರೆದದ್ದೆಂದು ತಿಳಿಯತಕ್ಕದ್ದು.

೮. ಇಂದು ಮುಂಜಾನೆ ದುರಗವ್ವ ರಾಯರ ಮೊಣಕಾಲಿಗೆ ಅರಿಷಿಣವನ್ನೂ, ಚಹಾಕ್ಕೆ ಒಂದು ತಂಬಿಗೆ ಹಾಲನ್ನೂ ಕಳಿಸಿದ್ದಾಳೆ. ಯಾವ ಭಾಷೆಯಲ್ಲಿ ಸ್ವೀಕರಿಸಬೇಕೆಂದು ತಿಳಿಯದೆ ಎಲ್ಲರೂ ಸುಮ್ಮನೆ ಕುಡಿದರು.

(ಸಹಿ) ವಿಠ್ಠಲರಾವ, ಶಿರಸ್ತೇದಾರ
(ಹಾಸಿಗೆಯಿಂದ)

ಪ್ರತಿಗಳು:
೧. ಕಡತಕ್ಕೆ, ಮರಾಠಿಯಲ್ಲಿ.
೨. ಫಕ್ರುಸಾಬರಿಗೆ, ಉರ್ದುವಿನಲ್ಲಿ.
೩. ದುರಗವ್ವನಿಗೆ. ಓದು ಬಾರದ್ದರಿಂದ, ಕಾಲು ನೆಟ್ಟಗಾದ ಮೇಲೆ ರಾಯರೇ ಹೋಗಿ ಕನ್ನಡದಲ್ಲಿ ಹೇಳತಕ್ಕದ್ದು. ಬೇಲಿಯ ಹೊರಗೆ ನಿಂತು.
೪. ಎಮ್ಮೆಗೆ. ಎರಡನೆಯ ಪುಟ ಈಗಾಗಲೇ ತಲುಪಿದೆ.